ಕೊರಳ ಲಾಡಿ

ಮಹೆಕ ನೋಡುತ್ತಿದ್ದಳು. ನೇರವಾಗಿ ಅಲ್ಲ, ಕಂಬಕ್ಕೆ ಬಡಿದ ಕನ್ನಡಿಯ ಒಳಗಿನಿಂದ. ಕೆಳಗಿನ ಖಾನೆಯಿಂದ ಇಳಕಲ್ಲ ಸೀರೆಗಳನ್ನು ಎಳೆಯಲೆಂದು ಫಕ್ಕೀರವ್ವ ಬಗ್ಗಿದಾಗ ಅವಳ ಕೊರಳಿನ ಲಾಡಿ ಮುಂದಕ್ಕೆ ಜೋತುಬಿದ್ದು, ತುದಿಯ ಗೊಂಡೆ ಸೀರೆಯ ಅಂಚನ್ನು ಸವರಿತು. ಅದೇ ಹೊತ್ತಿಗೆ ಕನ್ನಡಿಯಲ್ಲಿ ಎರಡು ಕಣ್ಣು ಗೊಂಡೆಯ ಮೇಲೆ ಕೂತು, ಹಾರಿ, ಮತ್ತೆ ತಾನು ಅಳೆಯುತ್ತಿದ್ದ ಬ್ಲೌಸ್ ಪೀಸಿನ ಸುರುಳಿಗೆ ಹೋದವು. ನೊಣ ಕೂತು ಎದ್ದಷ್ಟೇ ಹೊತ್ತು. ಆದರೆ ನೊಣ ಕೂತ ಜಾಗ ತುರಿಸುತ್ತದೆ. ಗಿರಾಕಿ ಎಲ್ಲಿ ನಿಂತು ಸೆರಗು ಹೊದ್ದರೂ ತನ್ನನ್ನು ತಾನು ಕಂಡು ಮರುಳಾಗಲಿ ಎಂದು ಮಾಲಕರು ಅಂಗಡಿಯ ಕಂಬ ಕಂಬಕ್ಕೂ ಕನ್ನಡಿ ಹಾಕಿಸಿದ್ದರು. ಅದರಿಂದ ಗಿರಾಕಿಗಳಿಗೆ ಏನಾಯಿತೋ, ಫಕ್ಕೀರವ್ವನಿಗೆ ಮಾತ್ರ ಇಲ್ಲಿ ಯಾರು ಯಾರನ್ನು ನೋಡುತ್ತಿದ್ದಾರೆ ಎಂಬುದು ಎಂದೂ ನಿಶ್ಚಯವಾಗಿರಲಿಲ್ಲ. ಬೆನ್ನು ತಿರುಗಿಸಿ ನಿಂತವರೂ ನೋಡುತ್ತಿರಬಹುದು.

ಈ ಲಾಡಿ ಎಲ್ಲಿಯದೆಂದು ಮಹೆಕ ಮ್ಯಾನೇಜರರಿಗೆ ಹೇಳಿಬಿಡುತ್ತಾಳೆ. ಹೇಳುವುದಾದರೆ ಇವತ್ತೇ ಹೇಳುತ್ತಾಳೆ. ಇವತ್ತು ದಾಟಿದರೆ ಹೇಳಿ ಉಪಯೋಗವಿಲ್ಲ. ರಾತ್ರಿ ಮೊಹರಮ್ಮಿನ ಕೊನೆಯ ರಾತ್ರಿ, ಕತಲ್ ರಾತ್ರಿ, ಬೆಳಗಾದರೆ ಅಲಾಯಿ ದೇವರು ಹೊಳೆಗೆ ಹೋಗುತ್ತವೆ. ಮುಳಗುಂದದಲ್ಲಿ ಮಸೂತಿಯ ಮುಂದೆ ಅಲಾಯಿ ದೇವರ ಸೇವೆಯ ಮರ್ದಾನಸಾಬ ಲಾಡಿಯ ಗಂಟನ್ನು ತನ್ನ ಕೈಯಿಂದಲೇ ಬಿಚ್ಚುತ್ತಾನೆ. ಕಟ್ಟಿದವನೂ ಅವನೇ. ಅಲ್ಲಿಯ ತನಕ ಅದು ಕೊರಳಿನಿಂದ ಇಳಿಯಬಾರದು, ಹರಿಯಬಾರದು. ಫಕ್ಕೀರವ್ವ ಕೈಗೂಸಾಗಿದ್ದಾಗ ಕಣ್ಣು ಮೇಲೆ ಮಾಡಿ, ಕೈಕಾಲು ಸೆಟೆದು ಬಿದ್ದುಬಿಡುತ್ತಿದ್ದಳಂತೆ. ಮೈಲಾರಲಿಂಗನ ಭಂಡಾರ ಹಚ್ಚಿದ್ದಾಯಿತು, ದವಾಖಾನೆ ಆಯಿತು, ಕೊನೆಗೆ ಅವ್ವ ಮಾಳವ್ವ ಅಲಾಯಿ ದೇವರ ಮುಂದೆ ನಿಂತು, ಇದನ್ನ ಉಳಿಸು, ನಿನ್ನ ಹೆಸರ ಇಡತೀನಿ, ವರ್ಷಾ ನಿನ್ನ ಹಬ್ಬಕ್ಕ ಲಾಡಿ ಕಟ್ಟಿ ಫಕೀರಳನ್ನ ಮಾಡತೀನಿ ಎಂದು ಹರಕೆ ಹೊತ್ತಳು. ಉಳಿಯಿತು. ಒಂದೇ ಒಂದು ವರ್ಷ, ಏಳನೆಯ ಇಯತ್ತೆಯಲ್ಲಿದ್ದಾಗ, ಸಾಲಿಯ ಹುಡುಗಿಯರು ನಗುತ್ತಾರೆಂದು ಅವಳು ಲಾಡಿಯನ್ನು ಹಬ್ಬಕ್ಕಿಂತ ಮೊದಲೇ ಬಿಚ್ಚಿ ಕಂಪಾಸ್ ಡಬ್ಬಿಯಲ್ಲಿ ಇಟ್ಟಿದ್ದಳು. ಆ ವಾರವೇ ಗಣಿತದ ತಾಸಿನಲ್ಲಿ ಬಾಯೊಳಗೆ ತಾಮ್ರದ ಚಂಬನ್ನು ನೆಕ್ಕಿದಂಥ ರುಚಿ ಬಂತು. ಆಮೇಲೆ ಕಣ್ಣು ಬಿಟ್ಟಾಗ ಯಾರೋ ಮೂಗಿಗೆ ಚಪ್ಪಲಿ ಹಿಡಿದಿದ್ದರು, ಲಂಗ ಒದ್ದೆಯಾಗಿತ್ತು, ಹುಡುಗಿಯರು ಗೋಡೆಗೆ ಅಂಟಿ ನಿಂತಿದ್ದರು. ಯಾರೂ ನಗುತ್ತಿರಲಿಲ್ಲ. ನಕ್ಕಿದ್ದರೆ ಅವಳು ಮರುದಿನ ಸಾಲಿಗೆ ಹೋಗುತ್ತಿದ್ದಳೋ ಏನೋ.

ಈಗಲೂ ಅಂಗಡಿಯ ಟ್ಯೂಬ್‌ಲೈಟು ಒಮ್ಮೆ ಕಣ್ಣು ಮಿಟುಕಿಸಿದರೆ ಅವಳ ನಾಲಿಗೆ ತಾಮ್ರವನ್ನು ಹುಡುಕುತ್ತದೆ. ಇಲ್ಲ. ಬೆಳಗ್ಗೆ ಕುಡಿದ ಚಹಾದ ಒಗರು ಅಷ್ಟೆ. ಕೈ ತಾನಾಗಿ ಲಾಡಿಗೆ ಹೋಗಿ ಬಂತು. ಕೆಂಪು ಹಸಿರು ಎಳೆ ಸೇರಿಸಿ ಹೊಸೆದ ನೂಲು, ಬೆವರಿಗೆ ಬಣ್ಣ ಬಿಟ್ಟು ಕುತ್ತಿಗೆಯ ಹಿಂದೆ ಒಂದು ಗೆರೆ ಮೂಡಿಸಿದೆ ಎಂದು ಅವ್ವ ನಿನ್ನೆ ತಲೆ ಹಿಕ್ಕುವಾಗ ಹೇಳಿದ್ದಳು.

ಬೀಳುವ ರೋಗಕ್ಕೆ ಹರಕೆಯಿತ್ತು. ತಲೆಯಾಡಿಸುವ ರೋಗಕ್ಕೆ ಯಾವ ದೇವರ ಹತ್ತಿರವೂ ಹರಕೆ ಇರಲಿಲ್ಲ. ಯಾರಾದರೂ ದೊಡ್ಡವರು ಮುಖ ನೋಡಿ ಏನಾದರೂ ಕೇಳಿದರೆ ಸಾಕು, ಮಾತು ಗಂಟಲಿಗೆ ಬರುವುದರೊಳಗೆ ಅವಳ ತಲೆ ಹೂಂ ಅಂದುಬಿಟ್ಟಿರುತ್ತದೆ. ಕೆಲಸಕ್ಕೆ ಸೇರಿದ ದಿನ ಮ್ಯಾನೇಜರ್ ಸಿದ್ದರಾಮ ಸರ್, "ಫಕ್ಕೀರವ್ವ ಅಂತ ಕರದರ ಗಿರಾಕಿ ಹೊಳ್ಳಿ ನೋಡತಾರ. ಕಾವೇರಿ ಅಂತ ಇಡೂನು. ಆತಲ್ಲ?" ಎಂದಿದ್ದರು. ತಲೆ ಹೂಂ ಅಂದಿತ್ತು. ಅಂದಿನಿಂದ ಹಗಲಿಡೀ ಅವಳು ಕಾವೇರಿ, ಮುಳಗುಂದದ ಬಸ್ಸು ಹತ್ತಿದ ಮೇಲೆ ಫಕ್ಕೀರವ್ವ. ಮೊನ್ನೆ ಬಗ್ಗಿದಾಗ ಲಾಡಿ ಚೂಡಿದಾರದ ಒಳಗಿನಿಂದ ಜಾರಿ ಹೊರಬಿತ್ತಲ್ಲ, ಆಗಲೂ ಅಷ್ಟೆ. ಸಿದ್ದರಾಮ ಸರ್ ದುಡ್ಡಿನ ಗಲ್ಲೆ ಬಿಟ್ಟು ಬಂದು ಕೊರಳು ನೋಡಿದರು. ಹುಬ್ಬಳ್ಳಿ ಪ್ಯಾಟಿಯಲ್ಲಿ ಬೆಳೆದ ಮನುಷ್ಯ. ಮೊಹರಮ್ಮೆಂದರೆ ಅಂಗಡಿ ಮುಂದಿನ ರಸ್ತೆ ಬಂದಾಗುವ ದಿನ ಎಂಬುದಷ್ಟೇ ಅವರಿಗೆ ಗೊತ್ತು. "ಏನಿದು, ಶಿರಹಟ್ಟಿ ಅಜ್ಜಾರ ಮಠದ್ದೇನು?" ಎಂದು ಕೇಳಿದರು. ಅವಳು ಅಲ್ಲರೀ ಎನ್ನಲು ಬಾಯಿ ತೆರೆದಿದ್ದಳು. ತಲೆ ಕೆಳಗೆ ಹೋಗಿ ಮೇಲೆ ಬಂದಿತ್ತು. "ಹಂಗಾರ ಒಳಗ ಯಾಕ ತುರುಕೀದಿ? ಹೊರಗ ಇರಲಿ, ಛಲೋ ಕಾಣತೈತಿ" ಎಂದು ಸರ್ ಖುಷಿಯಾಗಿ ಹೋಗಿದ್ದರು. ಪಕ್ಕದಲ್ಲಿ ಮಹೆಕ ಕೈಯಲ್ಲಿ ಗಜಕಡ್ಡಿ ಹಿಡಿದು ನಿಂತೇ ಇದ್ದಳು. ಬಟ್ಟೆ ಅಳೆಯುವುದನ್ನು ನಿಲ್ಲಿಸಿರಲಿಲ್ಲ. ಆದರೆ ಅಳತೆ ತಪ್ಪಿ ಮತ್ತೆ ಮೊದಲಿನಿಂದ ಅಳೆದಳು. ಅದನ್ನು ಫಕ್ಕೀರವ್ವ ಕಂಡಿದ್ದಳು.

ಲಕ್ಷ್ಮೇಶ್ವರದ ಹುಡುಗಿಗೆ ಲಾಡಿ ಗೊತ್ತಿಲ್ಲದೆ ಇರುತ್ತದೆಯೇ? ಹಾಗಿದ್ದರೂ ಆ ದಿನ ಹೇಳಲಿಲ್ಲ, ಮರುದಿನ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂಬುದೇ ಫಕ್ಕೀರವ್ವನನ್ನು ಕೊರೆಯುತ್ತಿತ್ತು. ಹೇಳಲು ಮಹೆಕನಿಗೆ ಕಾರಣವಿತ್ತು. ಹೋದ ತಿಂಗಳು ಮಾಲಕರು ಹೊಸ ರೂಲು ತಂದಿದ್ದರು: ಕೌಂಟರಿನಲ್ಲಿ ನಿಂತವರು ಧರ್ಮದ ಗುರುತು ತೋರಿಸುವಂತಿಲ್ಲ. ಮಾತು ಎಲ್ಲರಿಗೂ ಅಂತ ಬಂತು, ಹೋಗಿ ಮುಟ್ಟಿದ್ದು ಮಹೆಕನ ತಲೆಯ ಸ್ಕಾರ್ಫಿಗೆ. ಈಗ ಅವಳು ದಿನಾ ಬೆಳಗ್ಗೆ ಹಿಂದಿನ ಖೋಲಿಯಲ್ಲಿ, ರಟ್ಟಿನ ಡಬ್ಬಗಳ ಸಂದಿಯಲ್ಲಿ ಗೋಡೆಗೆ ಮುಖ ಮಾಡಿ ನಿಂತು, ಒಂದೊಂದೇ ಪಿನ್ನು ಬಿಚ್ಚಿ ತುಟಿಯಲ್ಲಿ ಕಚ್ಚಿಕೊಂಡು, ಸ್ಕಾರ್ಫನ್ನು ನಾಲ್ಕು ಮಡಿಕೆ ಮಾಡಿ ಊಟದ ಚೀಲದಲ್ಲಿಡುತ್ತಾಳೆ. ಹೊರಗೆ ಬರುವಾಗ ಕೈ ಎರಡೂ ಕಿವಿಯ ಹತ್ತಿರ ಹೋಗಿ, ಅಲ್ಲಿ ಏನೂ ಇಲ್ಲದ್ದನ್ನು ಸರಿ ಮಾಡಿ ಕೆಳಗಿಳಿಯುತ್ತವೆ. ಆ ರೂಲು ಬರುವ ಮೊದಲು ಒಂದು ಮಧ್ಯಾಹ್ನ ಸಿದ್ದರಾಮ ಸರ್ ಫಕ್ಕೀರವ್ವನನ್ನು ಟ್ರಯಲ್ ರೂಮಿನ ಬಾಗಿಲ ಹತ್ತಿರ ಕರೆದು ಮೆಲ್ಲಗೆ ಕೇಳಿದ್ದರು. "ಮಹೆಕನ ಸ್ಕಾರ್ಫ್ ಬಗ್ಗೆ ಗಿರಾಕಿಗಳು ಏನರ ಅಂತಾರೇನು? ಅಂತಿರಬೇಕಲ್ಲ?" ಯಾರೂ ಏನೂ ಅಂದಿರಲಿಲ್ಲ. ಒಬ್ಬಳು ಮದುವೆ ಬಟ್ಟೆಗೆ ಬಂದವಳು, ಸ್ಕಾರ್ಫ್ ಭಾಳ ಚಂದ ಐತಿ, ಎಲ್ಲಿ ತಗೊಂಡಿ ಎಂದಿದ್ದಳು, ಅಷ್ಟೆ. ತಲೆ ಹೂಂ ಅಂದಿತ್ತು.

ಮಹೆಕನಿಗೆ ಅದು ಗೊತ್ತೋ ಇಲ್ಲವೋ. ಗೊತ್ತಿದ್ದರೆ ಹೀಗೆ ಸುಮ್ಮನಿರುವುದು ಹೇಗೆ? ಗೊತ್ತಿಲ್ಲದಿದ್ದರೆ ಅಂದಿನಿಂದ ಊಟಕ್ಕೆ ಕೂರುವಾಗ ಎರಡು ಡಬ್ಬಿ ಜಾಗ ಬಿಟ್ಟು ಕೂರುವುದು ಯಾಕೆ?

ಇವತ್ತು ಜಾಗ ಬಿಡಲಿಲ್ಲ. ಮಧ್ಯಾಹ್ನ ಹಿಂದಿನ ಖೋಲಿಯಲ್ಲಿ ಫಕ್ಕೀರವ್ವ ರೊಟ್ಟಿ ಬಿಚ್ಚುತ್ತಿದ್ದಂತೆ ಮಹೆಕ ಹತ್ತಿರವೇ ಬಂದು ಕೂತು, ಕೇಳದೆ ಒಂದು ಹೋಳು ಮಾವಿನ ಉಪ್ಪಿನಕಾಯಿಯನ್ನು ಅವಳ ರೊಟ್ಟಿಯ ಮೇಲಿಟ್ಟಳು. ಫಕ್ಕೀರವ್ವ ಹೋಳನ್ನು ನೋಡಿದಳು. ಎಣ್ಣೆ ರೊಟ್ಟಿಗೆ ಹಬ್ಬುತ್ತಿತ್ತು.

"ತಿನ್ನವಾ, ವಿಷಾ ಹಾಕಿಲ್ಲ."

ಅವಳು ತಿಂದಳು. ಉಪ್ಪು ಹೆಚ್ಚಾಗಿತ್ತು.

"ಇವತ್ತ ಕತಲ್ ರಾತ್ರಿ ಅಲ್ಲ?" ಎಂದಳು ಮಹೆಕ, ಡಬ್ಬಿಯೊಳಗೆ ನೋಡುತ್ತ.

 ಹೂಂ ಅನ್ನಬೇಕೋ ಬೇಡವೋ ಎಂದು ಯೋಚಿಸುವಷ್ಟರಲ್ಲಿ ತಲೆ ಅಂದಾಗಿತ್ತು.

"ನಮ್ಮ ಅಜ್ಜಿ ಮೋತಿಬಿ ಲಾಡಿ ಹೊಸೀತಿದ್ದಳು. ಸುತ್ತ ಹತ್ತು ಹಳ್ಳಿ ಮಂದಿಗೆ. ಗೊಂಡೆ ಕಟ್ಟೂದರಾಗ ಆಕೀ ಕೈ ಯಾರಿಗೂ ಬರತಿರಲಿಲ್ಲ. ಈಗ ನಮ್ಮನ್ಯಾಗ ಅದರ ಹೆಸರ ತಗದರ ಅಬ್ಬಾ ಬೈತಾನ. ಅದೆಲ್ಲಾ ನಮ್ಮದಲ್ಲ, ಬಿಡ್ರಿ ಅಂತಾನ." ಮಹೆಕ ಕೈ ಚಾಚಿ ಫಕ್ಕೀರವ್ವನ ಲಾಡಿಯ ಗೊಂಡೆಯನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿದಳು. "ಇದನ್ಯಾರ ಕಟ್ಯಾರ? ಸಡ್ಲ ಆಗೇತಿ."

ಅಷ್ಟೇ ಹೇಳಿ ಬಿಟ್ಟು ಎದ್ದು ಕೈ ತೊಳೆಯಲು ಹೋದಳು. ಯಾಕೆ ಮುಟ್ಟಿ ನೋಡಿದಳು? ಕತಲ್ ರಾತ್ರಿಯ ಮಾತು ಯಾಕೆ ಎತ್ತಿದಳು? ತನಗೆ ಗೊತ್ತು ಎಂಬುದು ಫಕ್ಕೀರವ್ವನಿಗೆ ತಿಳಿಯಲಿ ಎಂದೇ? ಅಂಗಡಿಯ ಬೆಕ್ಕೊಂದು ಉಗ್ರಾಣದ ಇಲಿಯನ್ನು ಹಿಡಿದ ಮೇಲೆ ಒಮ್ಮೆಗೇ ತಿನ್ನದೆ, ಬಿಟ್ಟು, ಓಡಗೊಟ್ಟು, ಮತ್ತೆ ಪಂಜ ಇಡುವುದನ್ನು ಫಕ್ಕೀರವ್ವ ಇದೇ ಡಬ್ಬಗಳ ಸಂದಿಯಲ್ಲಿ ಕಂಡಿದ್ದಳು. ಉಪ್ಪಿನಕಾಯಿಯ ಉಪ್ಪು ನಾಲಿಗೆಯ ಮೇಲೆ ಕೂತು ಬಿಡಲಿಲ್ಲ. ಉಪ್ಪೇ ಇದು? ತಾಮ್ರ ಅಲ್ಲ ತಾನೇ?

ಇಳಿಹೊತ್ತಿಗೆ ಮಳೆಮೋಡ ಕವಿದು ಅಂಗಡಿಯೊಳಗೆ ಕತ್ತಲಾಗಿ ಎಲ್ಲ ದೀಪ ಹಾಕಿದರು. ಆಗ ಹೊಂಬಳದ ಮುದುಕಿಯೊಬ್ಬಳು ಬಂದಳು. ಹಸಿರು ಕುಬಸ, ಸೊಂಟಕ್ಕೆ ಸಿಕ್ಕಿಸಿದ ಸಂಚಿ, ಕಾಲಿಗೆ ಕರಿಮಣ್ಣು. ಹೊಸ ಬಸ್‌ಸ್ಟ್ಯಾಂಡಿನ ಕಡೆಯ ಅಂಗಡಿಗಳನ್ನೆಲ್ಲ ತಿರುಗಿ ಬಂದಂತಿತ್ತು. ದೇವರಿಗೆ ಏರಿಸಲಿಕ್ಕೆ ಹಸಿರು ಬಟ್ಟೆ ಬೇಕು, ಮಿಂಚಿನ ಅಂಚಿದ್ದರೆ ಛಲೋ ಎಂದಳು. ಫಕ್ಕೀರವ್ವ ತಾನು ತೆಗೆಯುವುದು ಬೇಡವೆಂದು ಹಿಂದೆ ಸರಿದಳು. ಮಹೆಕ ತೆಗೆಯಲೆಂದು ಏಣಿ ಹತ್ತಿದಳು. ಆದರೆ ಮುದುಕಿಯ ಕಣ್ಣು ಬಟ್ಟೆಯ ಮೇಲಿರಲಿಲ್ಲ. ಅವಳು ಕೌಂಟರಿನ ಮೇಲೆ ಎದೆಯೂರಿ ಬಗ್ಗಿ, ಫಕ್ಕೀರವ್ವನ ಕೊರಳ ಲಾಡಿಯನ್ನು ಮುಟ್ಟಿ ಬೆರಳನ್ನು ಕಣ್ಣಿಗೆ ಒತ್ತಿಕೊಂಡಳು.

"ನನ್ನವ್ವಾ, ನೀನೂ ಫಕೀರ ಆಗೀಯೇನು? ಯಾವ ಊರ ದೇವರದ? ನನ್ನ ಮೊಮ್ಮಗನೂ ಆಗ್ಯಾನ. ಪ್ಯಾಟಿ ಹುಡಿಗ್ಯಾರು ಈಗ ಲಾಡಿ ಹಾಕ್ಕೊಳ್ಳಾಕ ನಾಚತಾವ, ನೀ ಹೊರಗ ಹಾಕ್ಕೊಂಡ ನಿಂತೀದಿ. ಅಲಾಯಿ ದೇವರು ನಿನ್ನ ತಣ್ಣಗ ಇಟ್ಟಿರಲಿ."

ಮುದುಕಿಯ ದನಿ ಹೊಲದಲ್ಲಿ ಈ ಬದುವಿನಿಂದ ಆ ಬದುವಿಗೆ ಕೂಗಿ ರೂಢಿಯಾದ ದನಿ. ಗಲ್ಲೆಯ ಮೇಲೆ ಸಿದ್ದರಾಮ ಸರ್ ತಲೆ ಎತ್ತಿದರು. ಎಲ್ಲ ಕನ್ನಡಿಗಳಲ್ಲೂ ಅವರು ಒಟ್ಟಿಗೇ ಎದ್ದು ನಿಂತರು. ಮುದುಕಿ ಬಟ್ಟೆ ಆರಿಸಿ, ಹರಿಸಿಕೊಂಡು, ಮತ್ತೊಮ್ಮೆ ಹರಸಿ ಹೋಗುವ ತನಕ ಅವರು ಗಲ್ಲೆ ಬಿಟ್ಟು ಬರಲಿಲ್ಲ. ಗಿರಾಕಿಯ ಮುಂದೆ ಅವರು ಎಂದೂ ಬೈಯುವವರಲ್ಲ. ಆ ಹೊತ್ತಿಡೀ ಫಕ್ಕೀರವ್ವ ಒಂದೇ ಸೀರೆಯನ್ನು ಮಡಿಸಿ ಬಿಚ್ಚಿ ಮಡಿಸಿದಳು. ಮಹೆಕ ಹೇಳುತ್ತಾಳೆಂದು ದಿನವಿಡೀ ಕಾದಿದ್ದಳು, ಹೇಳಿದ್ದು ಹರಸಲು ಬಂದ ಬಾಯಿ.

"ಮೊನ್ನಿ ಶಿರಹಟ್ಟಿ ಮಠದ್ದು ಅಂದಿದ್ದಿ" ಎಂದರು ಸರ್.

ಅವಳು ಅಂದಿರಲಿಲ್ಲ. ಅವರೇ ಅಂದಿದ್ದರು.

"ಆಕೀ ಅಂದದ್ದು ಖರೆ ಏನು? ಮೊಹರಮ್ಮಿಂದೇನಿದು?"

ತಲೆ ಹೂಂ ಅಂದಿತು. ಸುಳ್ಳಿಗೂ ಖರೆಗೂ ಅದು ಒಂದೇ ತೆರನಾಗಿ ಆಡುತ್ತಿತ್ತು, ತೂಗಿದ ತೊಟ್ಟಿಲಿನ ಹಾಗೆ.

ಸರ್ ಏಣಿಯಿಂದ ಇಳಿಯುತ್ತಿದ್ದ ಮಹೆಕನ ಕಡೆ ತಿರುಗಿದರು. "ಏನವಾ ಮಹೆಕ, ನಿಮ್ಮದೇನಿದು?"

ಮಹೆಕ ಕೊನೆಯ ಮೆಟ್ಟಿಲ ಮೇಲೆ ನಿಂತಳು. "ನಮ್ಮನ್ಯಾಗ ಇದನ್ನ ಹಾಕ್ಕೊಳ್ಳೂದಿಲ್ರಿ ಸರ್."

"ನಿಮ್ಮದಲ್ಲ, ಇವರದೂ ಅಲ್ಲ. ಹಂಗಾರ ಯಾರದು?" ಸರ್ ಸುತ್ತ ನೋಡಿದರು. ಅವರ ಮುಖದಲ್ಲಿ ಒಂದು ಬಗೆಯ ನೆಮ್ಮದಿ ಬಂತು, ನ್ಯಾಯ ಹೇಳುವ ಅವಕಾಶ ಸಿಕ್ಕ ಮನುಷ್ಯನ ನೆಮ್ಮದಿ. "ಯಾರದರ ಆಗಲಿ. ರೂಲು ಅಂದರ ಎಲ್ಲಾರಿಗೂ ರೂಲು. ಮಹೆಕಗ ಒಂದು, ಕಾವೇರಿಗೊಂದು ಅಂದರ ನಾಳೆ ನನಗ ಮಂದಿ ಏನಂದಾರು? ತಗೀತೀಯಲ್ಲ ಕಾವೇರಿ?"

ಇಲ್ಲ. ಇಲ್ಲ, ನಾಳೆ ಬೆಳಗಿನ ತನಕ ಇಲ್ಲರೀ, ನಾ ಬೀಳತೀನಿ, ಇದೇ ಕನ್ನಡಿಗಳ ನಡುವೆ ಬೀಳತೀನಿ. ಮಾತು ಹೊಟ್ಟೆಯಲ್ಲಿ ಹುಟ್ಟಿ ಎದೆಗೆ ಬಂದು ಕೊರಳಿಗೆ ಏರುವಷ್ಟರಲ್ಲಿ ಲಾಡಿ ಮುಂದಕ್ಕೆ ಜೋಲಿ ಹೊಡೆದು ಗೊಂಡೆ ಎದೆಗೆ ತಾಗಿತು. ತಲೆ ಹೂಂ ಅಂದಿತ್ತು.

ಗಂಟು ಬಿಚ್ಚಲೆಂದು ಎತ್ತಿದ ಕೈ ಗಂಟಿನ ಸುತ್ತಲೇ ತಡಕಾಡಿತು. ಅದನ್ನು ನೋಡಿ ಸರ್ ಕೌಂಟರಿನ ಮೇಲಿದ್ದ ಬಟ್ಟೆ ಕತ್ತರಿಯನ್ನು ಮಹೆಕನ ಕಡೆ ಸರಿಸಿದರು. ಅವರ ಮಣಿಕಟ್ಟಿನಲ್ಲಿ ಯುಗಾದಿಗೆ ಕಟ್ಟಿಸಿದ ಕೆಂಪು ದಾರ ಈಗ ಬಣ್ಣಗೆಟ್ಟು ಕಂದಾಗಿತ್ತು. "ನೀನ ಕತ್ತರಿಸಿ ಬಿಡವಾ ಮಹೆಕ. ಒಳಗ ಕರಕೊಂಡ ಹೋಗು, ಇಲ್ಲಿ ಬ್ಯಾಡ. ಗಿರಾಕಿ ಬರೂ ಹೊತ್ತು."

ಟ್ರಯಲ್ ರೂಮಿನಲ್ಲಿ ಇಬ್ಬರು ನಿಲ್ಲುವಷ್ಟು ಜಾಗವಿಲ್ಲ. ಮಹೆಕ ಪರದೆ ಎಳೆದಳು. ಎದುರಿನ ಕನ್ನಡಿಯಲ್ಲಿ ಫಕ್ಕೀರವ್ವನಿಗೆ ತನ್ನ ಮುಖ ಕಂಡಿತು, ಅದರ ಹಿಂದೆ ಮಹೆಕನ ಅರ್ಧ ಮುಖ. ಜಡೆಯನ್ನು ಎತ್ತಿ ಮುಂದಕ್ಕೆ ಹಾಕಿದ ಕೈ ತಣ್ಣಗಿತ್ತು. ಕತ್ತರಿ ಅದಕ್ಕಿಂತ ತಣ್ಣಗೆ ಕುತ್ತಿಗೆಯ ಹಿಂದಿನ ಬಣ್ಣದ ಗೆರೆಯ ಮೇಲೆ ಕೂತಿತು.

"ಆವತ್ತ ಸರ್ ನಿನ್ನ ಕರದು ಕೇಳಿದ್ದು ಇಲ್ಲೇ ಹೊರಗ" ಎಂದಳು ಮಹೆಕ. ದನಿಯಲ್ಲಿ ಏರಿಳಿತವಿರಲಿಲ್ಲ. "ನಾ ಇದರೊಳಗ ಸೀರಿ ಜೋಡಸಾಕತ್ತಿದ್ದೆ. ಪರದೆ ಸಂದ್ಯಾಗ ನಿನ್ನ ತಲಿ ಕಾಣತಿತ್ತು. ಮಾತ ಅವರದ, ತಲಿ ನಿಂದ. ಗಿರಾಕಿ ಖರೇನ ಏನರ ಅಂದಿದ್ದರೇನು?"

ಟ್ಯೂಬ್‌ಲೈಟು ಉದ್ದವಾಯಿತು. ಅಂಚಿನಿಂದ ಬಿಳಿ ಹಬ್ಬುತ್ತ ಬಂತು. ಬಂತು, ಈಗ ಬಂತು ಎಂದು ಫಕ್ಕೀರವ್ವ ನಾಲಿಗೆಯನ್ನು ಹಲ್ಲಿನಿಂದ ದೂರ ಇಟ್ಟುಕೊಂಡಳು, ಕಚ್ಚಿಕೊಳ್ಳಬಾರದೆಂದು. ತಲೆ ಕೆಳಗಿಳಿಯಲು ಹೊರಟಿತು.

"ತಲಿ ಅಲ್ಲಾಡಸಬ್ಯಾಡ. ಕತ್ತರಿ ಐತಿ."

ತಲೆ ನಿಂತಿತು. ಹಾಗೆ ಅದನ್ನು ಯಾರೂ ಎಂದೂ ನಿಲ್ಲಿಸಿರಲಿಲ್ಲ. ಕುತ್ತಿಗೆಯ ನರಗಳು ನೊಂದವು. ಕನ್ನಡಿಯಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು, ನೊಣ ಕೂತಷ್ಟು ಹೊತ್ತಲ್ಲ. ಫಕ್ಕೀರವ್ವ ತುಟಿ ತೆರೆದಳು. ಇಲ್ಲ, ಯಾರೂ ಅಂದಿರಲಿಲ್ಲ ಎಂಬ ಮಾತು ಗಾಳಿಯಾಗಿ ಹೊರಬಂತು. ಕೇಳಿಸಿತೋ ಇಲ್ಲವೋ. ಅಷ್ಟರಲ್ಲಿ ಕತ್ತರಿ ಕಚ್ ಎಂದಿತು.

ಆಮೇಲಿನದು ಭಾಳ ಜಲ್ದಿ ಆಯಿತು. ತಣ್ಣಗಿನ ಬೆರಳುಗಳು ಕುತ್ತಿಗೆಯ ಸುತ್ತ ಓಡಾಡಿ, ಏನನ್ನೋ ಚೂಡಿದಾರದ ಒಳಗೆ ಆಳಕ್ಕೆ ತಳ್ಳಿ, ವೇಲನ್ನು ಎರಡು ಸುತ್ತು ಸುತ್ತಿ, ಭುಜಕ್ಕೆ ಒಂದು ಪಿನ್ನು ಚುಚ್ಚಿ ಬಿಗಿಮಾಡಿದವು. ಪಿನ್ನು ಮಹೆಕನ ಸ್ಕಾರ್ಫಿನದು, ತುದಿಗೆ ಮುತ್ತಿದ್ದದ್ದು. "ನಿಂದಕ್ಕ ಒಳಗ ತುರುಕಾಕ ಜಾಗ ಐತಿ" ಎಂದು ಮಹೆಕ ಕಿವಿಯ ಹತ್ತಿರ ಹೇಳಿದಳು. "ನಂದನ್ನ ಎಲ್ಲೆ ತುರಕಲಿ, ಹೇಳು."

ಪರದೆ ಸರಿಸಿ ಹೋದಳು. ಹೊರಗೆ ಅವಳ ದನಿ ಕೇಳಿತು, ಆತ್ರಿ ಸರ್. ಅವಳ ಅಂಗೈಯಲ್ಲಿ ಕೆಂಪು ಹಸಿರು ಗೊಂಡೆಯಿತ್ತು. ಸಿದ್ದರಾಮ ಸರ್ ಅದನ್ನು ಬೆರಳ ತುದಿಯಿಂದ ತೆಗೆದು, ಎಲ್ಲಿ ಹಾಕಬೇಕೆಂದು ತಿಳಿಯದೆ ತುಸು ಹೊತ್ತು ಹಿಡಿದುಕೊಂಡು, ಕಡೆಗೆ ತುಂಡುಬಟ್ಟೆಯ ಬುಟ್ಟಿಗೆ ಹಾಕಿ ಕೈ ಒರೆಸಿಕೊಂಡರು. "ಛಲೋ ಆತು. ಇನ್ನ ಯಾರೂ ನನಗ ಅನ್ನಂಗಿಲ್ಲ."

ಅಂಗಡಿಯ ದೀಪ ಆರುವ ತನಕ ಫಕ್ಕೀರವ್ವ ಬಗ್ಗಲಿಲ್ಲ. ಕೆಳಗಿನ ಖಾನೆಯ ಸೀರೆ ಬೇಕಾದಾಗ ಮೊಣಕಾಲೂರಿ ಕೂತು, ಕೊರಳನ್ನು ಗಡಿಗೆ ಹೊತ್ತವಳಂತೆ ನೆಟ್ಟಗಿಟ್ಟು ತೆಗೆದಳು. ಕುತ್ತಿಗೆಯ ಸುತ್ತ ಏನೋ ಇದ್ದಂತೆ ಅನಿಸುತ್ತಿತ್ತು. ನೂಲೇ? ಅಥವಾ ನೂಲು ಇದ್ದ ಜಾಗದ ನೆನಪೇ? ಗೊಂಡೆಯನ್ನು ಮಾತ್ರ ಕತ್ತರಿಸಿದಳೇ, ಇಲ್ಲಾ ಲಾಡಿಯನ್ನೇ ಹಿಂದೆ ಕತ್ತರಿಸಿ ಬೆವರಿಗೆ ಅಂಟಿಸಿ ಕಳಿಸಿದಳೇ? ಕತ್ತರಿ ಕೂತದ್ದು ಹಿಂದೆ, ಕುತ್ತಿಗೆಯ ಮೇಲೆ. ಗೊಂಡೆ ಇದ್ದದ್ದು ಮುಂದೆ. ಹಾಗಾದರೆ ಕಚ್ ಎಂದದ್ದು ಎಲ್ಲಿ? ಕೈ ಹಾಕಿ ನೋಡಿದರೆ ಗೊತ್ತಾಗುತ್ತಿತ್ತು. ಕೈ ಹಾಕಲಿಲ್ಲ. ಹರಿದಿದ್ದರೆ ಎಳೆದ ಕೂಡಲೇ ಬಿಚ್ಚಿ ಕೈಗೆ ಬರುತ್ತದೆ, ಬಂದರೆ ಬೀಳುತ್ತೇನೆ. ಮಹೆಕ ಹಿಂದಿನ ಖೋಲಿಯಲ್ಲಿ ಸ್ಕಾರ್ಫು ಕಟ್ಟಿ, ಒಂದು ಪಿನ್ನು ಕಡಿಮೆಯಾದ ಕಡೆ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಹೊರಬಂದು, ಯಾರನ್ನೂ ನೋಡದೆ ಟಂಟಂ ಹತ್ತಿ ಹೋದಳು. ಗಾಳಿಗೆ ಆ ಒಂದು ಮೂಲೆ ಬಿಚ್ಚಿ ಹಾರುತ್ತಿತ್ತು.

ಮುಳಗುಂದದ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಹನಿ ಬೀಳತೊಡಗಿತ್ತು, ಹೆಸರು ಬಿತ್ತಿದ ಹೊಲಗಳ ಮೇಲೆ ಬೆಳಕು ಇನ್ನೂ ಪೂರ್ತಿ ಹೋಗಿರಲಿಲ್ಲ. ರಸ್ತೆಯ ಗುಂಡಿಗೆ ಬಸ್ಸು ಕುಣಿದಾಗಲೆಲ್ಲ ಅವಳು ಎರಡೂ ಕೈಯಿಂದ ಮುಂದಿನ ಸೀಟು ಹಿಡಿದು, ಕೊರಳನ್ನು ಕುಣಿಯಗೊಡದೆ ಕೂತಳು. ನಾಳೆ ಮರ್ದಾನಸಾಬ ಗಂಟಿಗೆ ಕೈ ಹಾಕಿದಾಗ ಏನು ಸಿಗುತ್ತದೋ. ಸಿಕ್ಕದ್ದು ಇಡಿಯದ್ದಾದರೆ ಮಹೆಕನಿಗೆ ಏನು ಹೇಳಬೇಕು? ತುಂಡಾಗಿದ್ದರೆ ಏನು ಹೇಳಬೇಕು? ಎರಡಕ್ಕೂ ಬಾಯಿಯಿಂದಲೇ ಹೇಳಬೇಕಾಗುತ್ತದೆ ಎಂಬುದು ಅವಳಿಗೆ ಮೆಲ್ಲಗೆ ಹೊಳೆಯಿತು. ಭುಜದ ಪಿನ್ನು ಚುಚ್ಚುತ್ತಿತ್ತು. ತಾಮ್ರದ ರುಚಿ ಇನ್ನೂ ಬಂದಿರಲಿಲ್ಲ.

ಕಂಡಕ್ಟರ್ ಬಂದು ಆಧಾರ್ ಕಾರ್ಡಿಗೆ ಕೈ ಚಾಚಿದ, ನೋಡಿ ಹಿಂದಕ್ಕೆ ಕೊಟ್ಟ.

"ಮುಳಗುಂದಲ್ಲ?"

ಹೂಂ ಅನ್ನಲು ತಲೆ ಎದ್ದು ನಿಂತು ಕಾಯುತ್ತಿತ್ತು. ಅವಳು ಅದನ್ನು ಆಡಗೊಡಲಿಲ್ಲ. ಕಂಡಕ್ಟರ್ ಟಿಕೇಟಿನ ಮಿಷನ್ನಿನ ಮೇಲೆ ಬೆರಳಿಟ್ಟು ನೋಡಿದ. "ಏನವಾ ತಂಗಿ, ಕೇಳಸಲಿಲ್ಲೇನು? ಯಾವೂರು?"

"ಮುಳಗುಂದ್ರಿ" ಎಂದಳು ಫಕ್ಕೀರವ್ವ. ದನಿ ತನಗೇ ಹೊಸದಾಗಿ ಕೇಳಿಸಿತು, ಒಡೆದು, ದೊಡ್ಡದಾಗಿ; ಮುಂದಿನ ಸೀಟಿನವರು ಹೊರಳಿ ನೋಡಿದರು. ಅವಳು ಕೊರಳನ್ನು ನೆಟ್ಟಗಿಟ್ಟುಕೊಂಡೇ ಇದ್ದಳು.